ಅಕ್ಕನ ವಯಸ್ಸು

ಹೆರಿಗೆ ವಾರ್ಡಿನ ನರ್ಸಮ್ಮ ನಿವೃತ್ತಿಯಾಗಿ ಎರಡು ತಿಂಗಳಾಗಿತ್ತು. ಮೂವತ್ತನಾಲ್ಕು ವರ್ಷ ಊರ ಮಕ್ಕಳು ಹುಟ್ಟಿದ ಗಳಿಗೆಯನ್ನು ನಿಮಿಷ ತಪ್ಪದೆ ಬರೆದಿಟ್ಟವಳಿಗೆ ಈಗ ಹೊತ್ತು ಹೋಗುವುದೇ ಕಷ್ಟವಾಗಿತ್ತು. ಅಡುಗೆಮನೆಯ ಡಬ್ಬಿಗಳನ್ನು ಮೂರನೇ ಸಲ ಜೋಡಿಸಲು ಹೊರಟಾಗ ಮಗಳು, "ಅಮ್ಮಾ, ನಮ್ಮ ವಂಶವೃಕ್ಷನಾದ್ರೂ ಬರೀಬಾರದಾ? ನನ್ನ ಡಬ್ಬಿಗಳು ಬದುಕಿಕೊಳ್ಳಲಿ" ಎಂದಳು.

ಸಾರ್ವಜನಿಕ ಗ್ರಂಥಾಲಯದ ಮಹಡಿಯಲ್ಲಿ ಊರ ಚರಿತ್ರೆಗೆಂದೇ ಒಂದು ಕೋಣೆಯಿತ್ತು: ಹಳೆಯ ನಕ್ಷೆ, ಫೋಟೋ, ಮನೆತನಗಳ ವಂಶಾವಳಿ, ಜನನ ಮರಣದ ರಿಜಿಸ್ಟರುಗಳ ನಕಲು. ನೋಡಿಕೊಳ್ಳುತ್ತಿದ್ದವನು ದಪ್ಪ ಕನ್ನಡಕದ, ಮಾತು ಕಡಿಮೆಯ ಮನುಷ್ಯ. "ಹಾಳೆ ತಿರುಗಿಸೋವಾಗ ಬೆರಳಿಗೆ ಎಂಜಲು ಹಚ್ಚಬೇಡಿ" ಎಂದಷ್ಟೇ ಹೇಳಿ ಪುಸ್ತಕ ತಂದಿಟ್ಟ.

ಮೂರನೇ ದಿನ, ಮರಣದ ರಿಜಿಸ್ಟರಿನಲ್ಲಿ ಅವಳಿಗೆ ತನ್ನದೇ ಹೆಸರು ಕಂಡಿತು. ತಂದೆಯ ಹೆಸರು ಅಪ್ಪನದೇ, ಮನೆ ನಂಬರೂ ತಮ್ಮದೇ. ಹೆಣ್ಣು, ಹದಿನಾಲ್ಕು ತಿಂಗಳು, ಜ್ವರ.

"ನಾನು ಸತ್ತು ಐವತ್ತೊಂಬತ್ತು ವರ್ಷ ಆಯ್ತಂತೆ" ಎಂದಳು.

ಅವನು ನಗಲಿಲ್ಲ. ಎದ್ದು ಹೋಗಿ ಜನನದ ರಿಜಿಸ್ಟರು ತಂದ. ನರ್ಸಮ್ಮನ ಸರ್ಟಿಫಿಕೇಟಿನಲ್ಲಿದ್ದ ತಾರೀಕಿಗೆ ಹುಟ್ಟಿದ್ದು ಆ ಮಗು. ಎರಡು ವರ್ಷದ ಮೇಲೆ ಅದೇ ತಂದೆತಾಯಿಗೆ ಇನ್ನೊಂದು ಹೆಣ್ಣು. ಹೆಸರಿನ ಜಾಗ ಖಾಲಿ.

ಅಲ್ಲಿಂದ ನೇರ ಚಿಕ್ಕಮ್ಮನ ಮನೆಗೆ ಹೋದಳು. ಚಿಕ್ಕಮ್ಮ ಬಟಾಣಿ ಬಿಡಿಸುತ್ತಾ ಕೂತಿದ್ದಳು.

"ನಿಮಗೆ ಗೊತ್ತಿತ್ತಾ ಚಿಕ್ಕಮ್ಮ?"

"ಗೊತ್ತಿಲ್ಲದೆ ಏನು? ನಿಮ್ಮಮ್ಮ ಬೇರೆ ಹೆಸರಿಡೋಕೇ ಬಿಡಲಿಲ್ಲ. ಸ್ಕೂಲಿಗೆ ಸೇರಿಸೋವಾಗ ಆ ಮಗೂದು ಜನನದ ಚೀಟಿ ಮನೇಲೇ ಇತ್ತು, ಓಡಾಟ ತಪ್ಪಿತು ಅಂತ ನಿಮ್ಮಪ್ಪ ಅದನ್ನೇ ಕೊಟ್ರು. ಕ್ಲಾಸಿಗೆಲ್ಲ ನೀನೇ ಕುಳ್ಳಿ."

"ಯಾರೂ ಹೇಳಲಿಲ್ಲವಲ್ಲ."

"ಆ ಮಾತು ಎತ್ತಿದ್ರೆ ನಿಮ್ಮಮ್ಮ ಹಾಸಿಗೆ ಹಿಡೀತಿದ್ಲು. ಆಮೇಲೆ ನಮಗೂ ಮರೆತುಹೋಯ್ತು." ಚಿಕ್ಕಮ್ಮ ಸಿಪ್ಪೆಗಳನ್ನು ಒಂದು ಕಡೆ ಸರಿಸಿದಳು. "ನಿನ್ನಕ್ಕನದು ಗುಂಗುರು ಕೂದಲು."

ಅಕ್ಕ ಎಂಬ ಮಾತು ನರ್ಸಮ್ಮನಿಗೆ ಹೊಸದು. ಮನೆಗೆ ಹಿರಿಯಳು ತಾನೇ ಎಂದು ಇಷ್ಟು ವರ್ಷ ತಮ್ಮಂದಿರ ಮೇಲೆ ದರ್ಬಾರು ನಡೆಸಿದವಳು.

"ಹಾಗಾದ್ರೆ ನಿನಗಿನ್ನೂ ಐವತ್ತೆಂಟು. ಕೆಲಸ ವಾಪಸ್ ಕೇಳು" ಎಂದಳು ಮಗಳು, ಮನೆಯಲ್ಲಿ ಎಲ್ಲ ಕೇಳಿಸಿಕೊಂಡು. ನರ್ಸಮ್ಮ ಅರ್ಜಿ ಬರೆದು ಒಯ್ದಳು. ಆಸ್ಪತ್ರೆಯ ಗುಮಾಸ್ತ ಎರಡು ಸಲ ಓದಿ, "ನಿವೃತ್ತಿ ಆದ್ಮೇಲೆ ಹುಟ್ಟಿದ ತಾರೀಕು ಬದಲಾಗಲ್ಲ ಸಿಸ್ಟರ್. ಅದೂ ಅಲ್ಲದೆ, ಸತ್ತವರ ಸರ್ಟಿಫಿಕೇಟಲ್ಲಿ ಕೆಲಸ ಮಾಡಿದೆ ಅಂತ ನೀವೇ ಬರೆದುಕೊಟ್ಟ ಹಾಗಾಗುತ್ತೆ" ಎಂದು ಹಿಂದಕ್ಕೆ ಕೊಟ್ಟ.

ಎರಡು ದಿನ ಅವಳು ಡಬ್ಬಿಗಳನ್ನು ಸದ್ದು ಮಾಡುತ್ತಾ ಮತ್ತೆ ಜೋಡಿಸಿದಳು. ಸಿಟ್ಟು ಯಾರ ಮೇಲೆಂದು ಅವಳಿಗೇ ತಿಳಿಯಲಿಲ್ಲ. ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ಅಕ್ಕನಿಗೋ ಹದಿನಾಲ್ಕೇ ತಿಂಗಳು.

ಮುಂದಿನ ವಾರ ವಂಶವೃಕ್ಷ ಮುಗಿಸಿ ಗ್ರಂಥಾಲಯಕ್ಕೆ ಕೊಡಲು ಹೋದಳು. ಕನ್ನಡಕದವನು ಬೆರಳಿಟ್ಟು ಓದಿ, "ಒಂದೇ ಹೆಸರು ಎರಡು ಸಲ ಇದೆ. ನೋಡಿದವರು ತಪ್ಪು ಅಂದ್ಕೋತಾರೆ" ಎಂದ.

"ಕೆಳಗೆ ಒಂದು ಸಾಲು ಸೇರಿಸ್ತೀನಿ" ಎಂದು ಅಲ್ಲೇ ಕೂತು ಬರೆದಳು: ಹಿರಿಯವಳ ಹೆಸರು, ಕಾಗದ ಎರಡೂ ಕಿರಿಯವಳಿಗೆ ಬಂದವು.

ಅವನು ಅದಕ್ಕೊಂದು ನಂಬರು ಹಾಕಿ ಕಪಾಟಿನಲ್ಲಿಟ್ಟ. ನರ್ಸಮ್ಮ ಅಮ್ಮನ ತವರಿನ ಕಡೆಯ ರಿಜಿಸ್ಟರು ಕೇಳಿದಳು.