ಮಾಲತೇಶಪ್ಪನ ರೈಟ್

ಸವಣೂರಿನ ಮಾಲತೇಶಪ್ಪ ಎಲ್ಲಿಂದ ಎದ್ದರೂ ಹತ್ತಿರದ ಗೋಡೆಗೋ ಬಾಗಿಲಿಗೋ ಅಂಗೈಯಿಂದ ಎರಡು ಪೆಟ್ಟು ಬಡಿದು “ರೈಟ್” ಅನ್ನದೆ ಹೆಜ್ಜೆ ಕೀಳುತ್ತಿರಲಿಲ್ಲ. ಹಾನಗಲ್ಲು, ಹಿರೇಕೆರೂರುಗಳ ದಾರಿಯಲ್ಲಿ ಬಸ್ಸಿನ ಕಂಡಕ್ಟರನಾಗಿ ಆಯುಷ್ಯದ ಬಹುಭಾಗವನ್ನು ಕಳೆದ ಮನುಷ್ಯ. ನಿವೃತ್ತಿಯಾದ ಮೇಲೂ ಕಾಲಡಿಯ ನೆಲ ಅಲುಗುತ್ತಿದೆಯೆಂಬಂತೆ ಕಾಲು ಅಗಲಿಸಿ ನಡೆಯುತ್ತಿದ್ದ, ಖಾಕಿ ಅಂಗಿಯನ್ನು ಹಬ್ಬಕ್ಕೂ ಬಿಚ್ಚುತ್ತಿರಲಿಲ್ಲ. ಚಹಾ ಮುಗಿದರೆ ರೈಟ್, ಜಗಳ ಮುಗಿದರೆ ರೈಟ್. ಒಮ್ಮೆ ನಮ್ಮ ಓಣಿಯಲ್ಲಿ ಹೆಣ ಎತ್ತುವಾಗಲೂ ಆ ಮಾತು ಅವನ ಬಾಯಿಂದ ಜಾರಿ, ಸತ್ತವರ ಮನೆಯವರು ಬಹಳ ದಿನ ಅವನೊಡನೆ ಮಾತು ಬಿಟ್ಟಿದ್ದರು. ಹೇಳಿ ಹೇಳಿ ನನಗೂ ಸಾಕಾಗಿತ್ತು. ಹುಟ್ಟುಗುಣ ಸುಟ್ಟರೂ ಹೋಗದು.

ಮನೆಯಲ್ಲಿ ಅವನಿಗಿದ್ದವಳು ಅಕ್ಕ ಗುತ್ತೆವ್ವ ಒಬ್ಬಳೇ. ತಾಯಿ ತೀರಿದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಎಲೆತೋಟಗಳಲ್ಲಿ ವೀಳ್ಯದೆಲೆ ಕೊಯ್ದು ಸಂಸಾರ ನಡೆಸಿದವಳು. ಕಳೆದ ವರ್ಷ ಲಕ್ವಾ ಹೊಡೆದು ಆಕೆಯ ಎಡಭಾಗ ಪೂರ್ತಿ ಬಿದ್ದುಹೋಯಿತು. ಬಲಗೈ ಉಳಿದಿತ್ತು, ಆದರೆ ಆಡಿಸದಿದ್ದರೆ ಅದೂ ಮರಗಟ್ಟುತ್ತದೆ ಎಂದರು ಡಾಕ್ಟರು. ಹಿಚುಕಲು ಕೊಟ್ಟ ರಬ್ಬರ್ ಚೆಂಡನ್ನು ಆಕೆ ಬೀಸಿ ಒಗೆದು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು, ಊಟಕ್ಕೂ ಹೊರಳಲೊಲ್ಲಳು. ಆ ಕೈಯೊಂದನ್ನಾದರೂ ಉಳಿಸಿಕೊಳ್ಳಬೇಕೆಂದು ಮಾಲತೇಶಪ್ಪ ಹಟ ತೊಟ್ಟ. ಬೆರಳಿನಿಂದ ನಡೆಸುವ ಆಟಿಕೆ ಹೆಲಿಕಾಪ್ಟರನ್ನು ಯಾರದೋ ಮೊಬೈಲಿನಲ್ಲಿ ಕಂಡಿದ್ದನಂತೆ, ನನ್ನನ್ನು ಎಳೆದುಕೊಂಡು ಶಿಗ್ಗಾವಿಗೆ ಹೊರಟ.

ಆಟಿಕೆ ಅಂಗಡಿಯ ರಿಯಾಜ ಮೊದಲು ಮೊಳದುದ್ದದ್ದೊಂದನ್ನು ತೆಗೆದ. ಮನೆಯೊಳಗೆ ಹಾರಿಸಲು, ಅದೂ ಮಲಗಿದವಳಿಗೆ ಎಂದು ಕೇಳಿದೊಡನೆ, “ಹಂಗಾದ್ರ ಇದು ಬ್ಯಾಡ್ರಿ,” ಎಂದು ಅಂಗೈಯಗಲದ್ದನ್ನು ಮುಂದಿಟ್ಟ. ಒಂದರ ಮೇಲೊಂದು ಎರಡು ರೆಕ್ಕೆಗಳು ಒಂದಕ್ಕೊಂದು ವಿರುದ್ಧವಾಗಿ ತಿರುಗುವುದರಿಂದ ಅದು ವಾಲುವುದಿಲ್ಲ; ಏರಿದ ಎತ್ತರದಲ್ಲಿ ತಾನೇ ನಿಲ್ಲುತ್ತದೆ; ರೆಕ್ಕೆ ಮೆತ್ತಗಿರುವುದರಿಂದ ಮೈಗೆ ತಾಗಿದರೂ ಗಾಯವಿಲ್ಲ; ಇಳಿಸಲು ಬೇರೆಯೇ ಗುಂಡಿ. ಫ್ಯಾನು ಮಾತ್ರ ಬಂದ್ ಆಗಿರಬೇಕು.

“ಒಂದ ಕೈಲೆ ನಡೀತೈತೇನು?” ಎಂದು ಮಾಲತೇಶಪ್ಪ ಮತ್ತೆ ಮತ್ತೆ ಕೇಳಿದ.

“ರಿಮೋಟ್ ಎದಿ ಮ್ಯಾಲ ಇಟ್ಕೊಂಡ್ರ ಒಂದ ಹೆಬ್ಬಟ್ಟು ಸಾಕ್ರಿ.”

ಮಾಲತೇಶಪ್ಪ ಅಲ್ಲಿಯೇ ಹಾರಿಸಿ ನೋಡುವಾಗ ಅದು ಗಾಜಿನ ಕಪಾಟಿನತ್ತ ಸರಿಯಿತು. “ರೈಟ್, ರೈಟ್,” ಎಂದ ರಿಯಾಜ. ಬಲಕ್ಕೆ ತಿರುಗಿಸಿರಿ ಎಂದು ಅವನ ಅರ್ಥ. ರೈಟ್ ಎಂದರೆ ಹೊರಡು ಎಂದಲ್ಲದೆ ಬಲಗಡೆ ಎಂಬ ಅರ್ಥವೂ ಇದೆಯೆಂದು ಈ ಪುಣ್ಯಾತ್ಮನಿಗೆ ಎಲ್ಲಿ ಹೊಳೆಯಬೇಕು? ಗುಂಡಿಯನ್ನು ಮುಂದಕ್ಕೆ ನೂಕಿಯೇ ಬಿಟ್ಟ. ಅದು ನೆಟ್ಟಗೆ ಹೋಗಿ ಗಾಜಿಗೆ ಬಡಿದು ಬಿತ್ತು.

“ಏನ್ ಮಾಡಾಕತ್ತೀರಿ ಯಜಮಾನ್ರ?”

“ನೀನ ರೈಟ್ ಅಂದೆಲ್ಲೋ ತಮ್ಮಾ,” ಎಂದು ಮಾಲತೇಶಪ್ಪ ಅವನನ್ನೇ ಗದರಿಸಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಿದ್ದರೂ ಮುರಿಯದ ಆ ವಸ್ತುವನ್ನೇ ಅವನು ಕೊಂಡ.

ಗುತ್ತೆವ್ವನಿಗೆ ಗುಂಡಿಗಳ ಪಾಠವೇ ಬೇಕಾಗಲಿಲ್ಲ. ಮಾಲತೇಶಪ್ಪ ಮಂಚದ ಪಟ್ಟಿಗೆ ಎರಡು ಬಡಿದು “ರೈಟ್” ಅಂದರೆ ಏರಿಸುವಳು, “ಹೋಲ್ಡಾನ್” ಅಂದರೆ ನಿಲ್ಲಿಸುವಳು. ಫ್ಯಾನು ನಿಂತ ಆ ಕೋಣೆಯ ಸೆಕೆಯಲ್ಲಿ ಇಬ್ಬರೂ ಬೆವರುತ್ತ ಅದನ್ನು ಹಾರಿಸುತ್ತಿದ್ದರು. ಆಕೆ ಗೋಡೆ ಬಿಟ್ಟು ಈ ಕಡೆ ಹೊರಳಿದಳು, ಹೆಬ್ಬೆರಳು ಚುರುಕಾಯಿತು. ಕೈ ಗೆದ್ದಿತೆಂದು ಅವನು ಊರೆಲ್ಲ ಹೇಳಿಕೊಂಡು ಬಂದ. ಆದರೆ ಉಳಿದ ದೇಹ ಸೋಲುತ್ತಲೇ ಇತ್ತು. ಬೆನ್ನು ಹುಣ್ಣಾಯಿತು, ಉಸಿರು ಭಾರವಾಯಿತು.

ಒಂದು ಮಧ್ಯಾಹ್ನ ನಾನಲ್ಲಿಯೇ ಕುಳಿತಿದ್ದೆ. ತಮ್ಮ ಹೇಳುವ ಮೊದಲೇ ಆಕೆ ಹೆಲಿಕಾಪ್ಟರನ್ನು ತನ್ನ ಹೊದಿಕೆಯ ಮೇಲೆ ಮೆಲ್ಲಗೆ ಇಳಿಸಿದಳು.

“ಇದು ಸಾಕೋ ಮಾಲತೇಶ. ಈಗ ನನಗ ರೈಟ್ ಅನ್ನು.”

ಯಾರದೋ ಹೆಣದ ಮುಂದೆಯೂ ಅಂಕೆಗೆ ಸಿಗದ ಆ ಮಾತು ಈಗ ಅವನ ಬಾಯಿಂದ ಹೊರಡಲಿಲ್ಲ. “ಹೋಲ್ಡಾನ್, ಅಕ್ಕ,” ಎಂದ, “ಹೋಲ್ಡಾನ್.”

“ಎಷ್ಟೊತ್ತ ನಿಲ್ಲಸ್ತೀ ಗಾಡಿ?”

ಅಂದಿನಿಂದ ಆಕೆ ಹೆಬ್ಬೆರಳು ಆಡಿಸಲಿಲ್ಲ. ನೋವು ಹೆಚ್ಚಾದಾಗಲೆಲ್ಲ ಆ ಒಂದು ಮಾತನ್ನೇ ಬೇಡುತ್ತಿದ್ದಳು; ಅವನು ಎದ್ದು ಹೊರಗೆ ಹೋಗುತ್ತಿದ್ದ. ಹಾಗೆ ಹೊರಗೆ ಹೋಗಿದ್ದಾಗಲೇ ಆಕೆ ಹೋದಳು.

ಹೆಣ ಎತ್ತುವಾಗ ಹೆಗಲು ಕೊಟ್ಟವರು ಅಭ್ಯಾಸಬಲದಿಂದ ಒಂದು ಗಳಿಗೆ ತಡೆದು ಅವನ ಮುಖ ನೋಡಿದರು. ಅವನು ಬಾಗಿಲ ಚೌಕಟ್ಟಿಗೆ ಎತ್ತಿದ ಕೈಯನ್ನು ಬಡಿಯದೆ ಕೆಳಗಿಳಿಸಿದ. ಈಗ ನಮ್ಮ ಮನೆಗೆ ಬಂದರೆ ಚಹಾ ಕುಡಿದು ಕುಳಿತೇ ಇರುತ್ತಾನೆ. ಕತ್ತಲಾದ ಮೇಲೆ ನಾನೇ ರಟ್ಟೆ ಹಿಡಿದು ಎಬ್ಬಿಸಬೇಕು. ನೋಡಿದರೆ ಸಂಕಟವಾಗುತ್ತದೆ.

ಊರವರ ಪ್ರಯಾಣಕ್ಕೆಲ್ಲ ಅಪ್ಪಣೆ ಕೊಡುತ್ತ ಬಾಳಿದ ಇಂಥವರಿಗೆ, ತಾವು ಅನ್ನದೆ ಗಾಡಿ ಹೊರಡದೆಂಬ ನಂಬಿಕೆಯೊಂದು ಒಳಗೆ ಬೇರೂರಿಬಿಡುತ್ತದೆ. ಅದಕ್ಕೇ ತಮ್ಮವರ ಸರದಿ ಬಂದಾಗ ನಾಲಿಗೆ ಕಚ್ಚಿ ನಿಲ್ಲುತ್ತಾರೆ. ಗಾಡಿ ಯಾರಿಗೂ ಕಾಯುವುದಿಲ್ಲ. ಅದು ಹೋದ ಮೇಲೆ, ಅನ್ನದೆ ಉಳಿಸಿಕೊಂಡ ಆ ಒಂದು ಮಾತಿನೊಡನೆ ಅವರು ನಿಂತಲ್ಲೇ ನಿಂತಿರುತ್ತಾರೆ.