ಟಗರು ಹಾಯುವ ಆಟ

“ಆ ಗೇಮಿನ್ಯಾಗ ಕುರುಬನ ಕೈಯಾಗ ಏನಿತ್ರಿ ಅಕ್ಕಾರ?” ಅಂಗಡಿಯ ಶುಭಮ್ ಕೇಳಿದ.

“ಬಡಿಗಿ ಇರಬೇಕು,” ಎಂದಳು ಆಮ್ರಪಾಲಿ, ಗಾಜಿನ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಮೊಬೈಲನ್ನೇ ನೋಡುತ್ತ. “ಮೈಮ್ಯಾಲ ಕರೇ ಕಂಬಳಿ. ಬಿಳೇ ಟಗರ ಬರ್ತಿದ್ವು, ಹಾಯಾಕ. ಹಾಯ್ದರ ಅಂವಾ ಸಾಯತಿದ್ದ.”

ಗೋಕಾಕ ಬಸ್ ಸ್ಟ್ಯಾಂಡಿನ ಎದುರಿನ ಆ ರಿಪೇರಿ ಅಂಗಡಿಯಲ್ಲಿ ಹಳೆಯ ವಿಡಿಯೊ ಗೇಮುಗಳೂ ಸಿಗುತ್ತವೆ ಎಂದು ಯಾರೋ ಹೇಳಿದ್ದರು. ಅದಕ್ಕೇ ಬಂದಿದ್ದಳು. ಫೋನಿಗೆ ಕವರ್ ಹಾಕಿಸಲು ನಿಂತಿದ್ದ ಹಿರಿಯರೊಬ್ಬರು ತಡೆಯಲಾರದೆ ಬಾಯಿ ಹಾಕಿದರು.

“ತಂಗಿ, ನೀ ಗೇಮ್ ನೋಡಿಲ್ಲ. ಯಾವುದರ ಊರಾಗ ಟಗರಿನ ಕಾಳಗಾ ನೋಡಿ ಬಂದೀದಿ.”

“ಕಾಕಾ ಅನ್ನೂದು ಖರೆ ಐತ್ರಿ,” ಶುಭಮ್ ನಕ್ಕ. “ಅಂಥಾ ಹಳೇ ಗೇಮ್ ಮಾಡಿದಾವ್ರು ಎಲ್ಲಾ ಜಪಾನಿನವರು. ಅವರಿಗೆ ಕಂಬಳಿ ಯಾರ್ ಹೊಚ್ಚಬೇಕು? ಹೆಸರರೆ ಹೇಳ್ರಿ, ಹುಡುಕಿ ಕೊಡ್ತೇನಿ.”

ಹೆಸರು ಆ ಆಟ ಆಡುತ್ತಿದ್ದಾಗಲೂ ಗೊತ್ತಿರಲಿಲ್ಲ. ಆಗ ಅವಳಿಗೆ ಏಳು ವರ್ಷ, ಅಣ್ಣ ಲಖನನಿಗೆ ಹದಿಮೂರು. ಅವನು ಸಾಲೆ ಬಿಟ್ಟು ನಸುಕಿಗೇ ಇಟ್ಟಂಗಿ ಭಟ್ಟಿಗೆ ಹೋಗಿ ಮಧ್ಯಾಹ್ನ ಮರಳುತ್ತಿದ್ದ. ಮೊದಲ ಪಗಾರ ಬಂದ ದಿನವೇ ಟೀವಿಗೆ ಹಚ್ಚುವ ಆ ಗೇಮು ತಂದಿದ್ದ. ತುಕ್ಕಾನಟ್ಟಿಯ ಅವರ ಮನೆಯಲ್ಲಿದ್ದದ್ದು ಕಪ್ಪು ಬಿಳುಪು ಟೀವಿ. ಅದರೊಳಗೆ ಸದಾ ಯಾರೋ ಹಿಟ್ಟು ಜರಡಿ ಹಿಡಿಯುತ್ತಿದ್ದಂತೆ ಚುಕ್ಕಿಗಳು ಉದುರುತ್ತಿದ್ದವು. ಕ್ಯಾಸೆಟ್ಟಿನ ಮೇಲಿನ ಅಕ್ಷರಗಳನ್ನು ಇಬ್ಬರೂ ಓದಲಾರರು. “ಇಂವಾ ಕುರುಬ, ಇವು ಕುರಿ,” ಎಂದು ಲಖನ ಹೇಳಿದ. ಕುರಿ ಯಾಕೆ ಮನುಷ್ಯನನ್ನು ಕೊಲ್ಲುತ್ತವೆ ಎಂದು ಅವಳು ಕೇಳಿದಾಗ ಒಂದು ಗಳಿಗೆ ಯೋಚಿಸಿ, “ಕುರಿ ಅಲ್ಲ, ಟಗರು,” ಎಂದು ತಿದ್ದಿಕೊಂಡ. ಅಷ್ಟೇ. ಟಗರಿನ ಆಟ.

ಕಳೆದ ಕಬ್ಬಿನ ಹಂಗಾಮಿನಲ್ಲಿ ಲಖನ ಮೂಡಲಗಿಯಿಂದ ಬರುತ್ತಿದ್ದಾಗ, ದೀಪವಿಲ್ಲದೆ ರಸ್ತೆಯಲ್ಲೇ ನಿಲ್ಲಿಸಿದ್ದ ಕಬ್ಬಿನ ಟ್ರ್ಯಾಲಿಗೆ ಅವನ ಬೈಕು ಹಿಂದಿನಿಂದ ಬಡಿಯಿತು. ತಲೆಗೆ ಪೆಟ್ಟು. ಆಸ್ಪತ್ರೆಯಿಂದ ಮನೆಗೆ ಬಂದವನು ಅವ್ವನನ್ನು ಗುರುತಿಸಿದ. ಬಾಜೂ ಮನೆಯ ಚನ್ನವ್ವನನ್ನು, ಅವಳ ಎಮ್ಮೆಯನ್ನೂ ಗುರುತಿಸಿದ. ಆಮ್ರಪಾಲಿಯನ್ನು ಮಾತ್ರ ಇಲ್ಲ. ಅವಳು ತುತ್ತು ಮಾಡಿ ಕೊಟ್ಟರೆ ಮುಜುಗರದಿಂದ ತಿನ್ನುತ್ತಿದ್ದ. “ಸಾಕ್ರಿ ಬಾಯಾರ,” ಎನ್ನುತ್ತಿದ್ದ, ಆಸ್ಪತ್ರೆಯ ನರ್ಸಿಗೆ ಹೇಳುತ್ತಿದ್ದ ಹಾಗೆಯೇ.

ನಿದ್ದೆಯಲ್ಲಿ ಮಾತ್ರ ಕನವರಿಸುತ್ತಿದ್ದ. “ಟಗರ ಬಂತು. ಜಿಗಿ, ಜಿಗಿ.” ಅವ್ವ ಪದ್ಮವ್ವ ಗಾಬರಿಯಾಗಿ ಹಣೆ ಮುಟ್ಟಿ ನೋಡುತ್ತಿದ್ದಳು. ಅದು ಯಾರಿಗೆ ಹೇಳಿದ ಮಾತು ಎಂದು ಗೊತ್ತಿದ್ದವಳು ಆಮ್ರಪಾಲಿ ಒಬ್ಬಳೇ. ಆ ಆಟವನ್ನು ತಂದು ಅವನ ಮುಂದಿಟ್ಟರೆ ತಾನೂ ಅವನಿಗೆ ಸಿಗಬಹುದು. ಈ ಆಸೆಯನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ.

ಬಾಲ್ಯದಲ್ಲಿ ಆಡಿ ಮರೆತ ಗೇಮುಗಳನ್ನು ಜನ ಹುಡುಕಿಸಿಕೊಳ್ಳುವ ಜಾಗವೊಂದು ಇಂಟರ್ನೆಟ್ಟಿನಲ್ಲಿತ್ತು. ಅಲ್ಲಿ ಇಂಗ್ಲಿಷಿನಲ್ಲಿ ಬರೆದಳು: ಕರಿ ಕಂಬಳಿಯ ಕುರುಬ, ಬಿಳಿ ಟಗರು, ಮೆಟ್ಟಿಲು, ಇಬ್ಬರು ಆಡಬಹುದು. ಎಲ್ಲೆಲ್ಲಿಯವರೋ ಒಂದೊಂದು ಹೆಸರು ಕೊಟ್ಟರು. ಹುಕ್ಕೇರಿಯ ಕಂಪ್ಯೂಟರ್ ಸೆಂಟರಿನ ಕೆಲಸಕ್ಕೆ ಹೋಗಿಬರುವ ಬಸ್ಸಿನಲ್ಲಿ ಅವಳು ಆ ಎಲ್ಲ ಆಟಗಳ ವಿಡಿಯೊ ನೋಡಿದಳು. ಯಾವುದೂ ಅಲ್ಲ. ಕೊನೆಗೆ ಒಬ್ಬ ಬರೆದ: ಇಂಥ ಆಟವೇ ಇಲ್ಲ, ಎರಡು ಮೂರು ನೆನಪುಗಳು ಕಲೆತಿರಬೇಕು. ಆಮೇಲೆ ಯಾರೂ ಉತ್ತರಿಸಲಿಲ್ಲ. ಬೇರೆಯವರು ಇಲ್ಲವೆಂದದ್ದಕ್ಕಿಂತ, ತನಗೂ ಹಾಗೇ ಅನ್ನಿಸತೊಡಗಿದ್ದು ಅವಳನ್ನು ಹೆಚ್ಚು ಕಾಡಿತು.

ಶುಭಮನ ಅಂಗಡಿಯಿಂದ ಬರಿಗೈಯಲ್ಲಿ ಬಂದ ಕೆಲವು ದಿನಗಳಿಗೆ, ಹುಕ್ಕೇರಿಯಿಂದ ಮರಳುವಾಗ ಫೋನಿನ ಚಾರ್ಜು ಮುಗಿಯುತ್ತ ಬಂತು. ಇದ್ದಷ್ಟನ್ನು ಉಳಿಸಿಕೊಳ್ಳಲು ಫೋನು ತಾನಾಗಿಯೇ ತೆರೆಯ ಬಣ್ಣವನ್ನೆಲ್ಲ ತೆಗೆದುಹಾಕಿ ಕಪ್ಪು ಬಿಳುಪು ಮಾಡಿತು. ಓಡುತ್ತಿದ್ದದ್ದು ಅವಳು ಹಿಂದೆಯೇ ಅಲ್ಲವೆಂದು ಬಿಟ್ಟ ವಿಡಿಯೊ. ಕೆಂಪು ನಿಲುವಂಗಿಯ ಹುಡುಗ, ನೇರಳೆ ಬಣ್ಣದ ಅರಮನೆ, ಅಟ್ಟಿಸಿಕೊಂಡು ಬರುವ ದೆವ್ವಗಳು. ಈಗ ನಿಲುವಂಗಿ ಕಂಬಳಿಯಾಯಿತು. ಹುಡುಗ ಹಿಡಿದಿದ್ದ ದೀಪದ ಕೋಲು ಬಡಿಗೆಯಾಯಿತು. ಮುದ್ದೆಮುದ್ದೆಯಾದ ಬಿಳಿ ದೆವ್ವಗಳು ತಲೆ ತಗ್ಗಿಸಿ ಹಾಯಲು ಬಂದವು.

ಇಳಿಯುವ ಊರು ದಾಟಿದ್ದೂ ಅವಳಿಗೆ ತಿಳಿಯಲಿಲ್ಲ. ಗೋಕಾಕದವರೆಗೂ ಹೋಗಿ ಮತ್ತೆ ಅದೇ ಅಂಗಡಿ ಹತ್ತಿದಳು.

“ದೆವ್ವಕ್ಕ ಟಗರ ಅಂದ್ರ ನಾ ಎಲ್ಲಿ ಹುಡುಕ್ಲಿ ಅಕ್ಕಾರ?” ಎಂದ ಶುಭಮ್, ವಿಡಿಯೊ ನೋಡಿ. ಟೀವಿಗೆ ಹಚ್ಚುವ ಪುಟ್ಟ ಗೇಮಿನ ಡಬ್ಬಿಯೊಂದರಲ್ಲಿ ಆ ಆಟ ಹಾಕಿ, ಆಡಲು ಗುಂಡಿಗಳಿದ್ದ ಎರಡು ಹ್ಯಾಂಡಲ್ ಜೋಡಿಸಿ ಕೊಟ್ಟ. “ಯಾರಿಗ್ರಿ, ಮನ್ಯಾಗ ಸಣ್ಣ ಹುಡುಗೂರ ಅದಾರೇನು?”

“ಅಣ್ಣಗ,” ಎಂದಳು.

ಮರುದಿನ ರಜೆ ಹಾಕಿದಳು. ಸಂಜೆ ನಾಲ್ಕರ ಸುಮಾರಿಗೆ ಲಖನನ ಮಂಚವನ್ನು ಟೀವಿಯ ಮುಂದೆ ಸರಿಸಿ, ಬೆನ್ನಿಗೆ ಕೌದಿ ಮಡಿಸಿ ಇಟ್ಟು ಕೂರಿಸಿದಳು. ಆಟ ಹಚ್ಚಿದಳು. ಅವನು ನೇರಳೆ ಅರಮನೆಯನ್ನು ನೋಡಿದ, ಗೋಡೆಯನ್ನು ನೋಡಿದ, ಮತ್ತೆ ಅವ್ವನ ಕಡೆ ತಿರುಗಿದ.

“ಚಾ ಕುಡೀತಿ ಏನೋ?” ಪದ್ಮವ್ವ ಕೇಳಿದಳು.

“ತಡಿಯವಾ,” ಎಂದಳು ಆಮ್ರಪಾಲಿ. ರಿಮೋಟು ಹಿಡಿದು ಟೀವಿಯ ಬಣ್ಣವನ್ನು ಇಳಿಸುತ್ತ ಹೋದಳು. ಅರಮನೆ ಬೂದು ಬಣ್ಣಕ್ಕೆ ತಿರುಗಿತು. ನಿಲುವಂಗಿ ಕಪ್ಪಾಯಿತು.

ಲಖನ ಕೌದಿ ಬಿಟ್ಟು ಮುಂದಕ್ಕೆ ಬಾಗಿದ. “ಏ, ಕುರುಬ,” ಎಂದ. ತಾನಾಗಿಯೇ ಕೈ ಚಾಚಿ ಹ್ಯಾಂಡಲ್ ತೆಗೆದುಕೊಂಡ. ಚಮಚ ಹಿಡಿಯಲು ನಡುಗುತ್ತಿದ್ದ ಹೆಬ್ಬೆರಳು ಗುಂಡಿಯ ಮೇಲೆ ನೆಟ್ಟಗೆ ಕೂತಿತು. ಅಪಘಾತವಾದಾಗಿನಿಂದ ಅವನ ಮುಖದಲ್ಲಿ ಅಂಥ ನಗುವನ್ನು ಯಾರೂ ಕಂಡಿರಲಿಲ್ಲ. ಪದ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಆಮ್ರಪಾಲಿ ಮಂಚದ ತುದಿಯಲ್ಲಿ ಕೂತು ಇನ್ನೊಂದು ಹ್ಯಾಂಡಲಿಗೆ ಕೈ ಹಾಕಿದಳು.

“ಅದನ್ನ ಮುಟ್ಟಬ್ಯಾಡ್ರಿ ಬಾಯಾರ.” ಸಿಟ್ಟಿರಲಿಲ್ಲ, ಸಂಕೋಚವಿತ್ತು. “ಅದು ನಮ್ ತಂಗೀದು.”

“ಲಖ್ಯಾ, ಇಕಿನ ಅದಾಳಲ್ಲೋ ನಿನ್ ತಂಗಿ,” ಎಂದಳು ಪದ್ಮವ್ವ. “ಆಮ್ರಪಾಲಿ. ಮಾರಿ ನೋಡೋ ಆಕೀದು. ನಿನ್ ಸಲುವಾಗಿ ಊರೂರು ತಿರುಗಿ ಇದನ್ನ ತಂದಾಳ.”

ಅವನು ಮರ್ಯಾದೆಗೆಂಬಂತೆ ಅವಳ ಮುಖ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅವ್ವನಿಗೇ ಏನೋ ಹೆಚ್ಚುಕಡಿಮೆ ಆಗಿರಬೇಕು ಎಂಬಂತೆ ನಕ್ಕ. “ಆಕಿ ಇಷ್ಟ ಅದಾಳ್ಬೇ,” ಎಂದು ಮಂಚದ ಎತ್ತರಕ್ಕೆ ಕೈ ಹಿಡಿದು ತೋರಿಸಿದ.

ಇನ್ನೊಂದು ಹ್ಯಾಂಡಲನ್ನು ಮೆಲ್ಲಗೆ ಎಳೆದು ತನ್ನ ಮಗ್ಗುಲಲ್ಲಿ ಇಟ್ಟುಕೊಂಡ. ಗುಂಡಿ ಒತ್ತಲಿಲ್ಲ. ಕುರುಬ ತೆರೆಯ ಮೇಲೆ ನಿಂತಲ್ಲೇ ನಿಂತಿದ್ದ.

“ಆಡೋ ಮತ್ತ,” ಎಂದಳು ಅವ್ವ.

“ಆಕಿ ಸಾಲಿಯಿಂದ ಬರೂತನಾ ನಾ ಚಾಲೂ ಮಾಡೂದಿಲ್ಲ. ದಿನಾ ಹಂಗ. ಆಕಿಗಿ ಗೊತ್ತಿಲ್ಲ ಅದು. ಈಗರ ಹಚ್ಚೇನಿ ಅಂತ ಸುಳ್ಳ ಹೇಳ್ತೇನಿ.”

ಚಿಕ್ಕವಳಿದ್ದಾಗ ಸಾಲೆ ಬಿಟ್ಟ ಕೂಡಲೇ ಓಡೋಡಿ ಬಂದಾಗಲೆಲ್ಲ ಆಟ ಆಗತಾನೇ ಶುರುವಾಗಿರುತ್ತಿತ್ತು. ತಾನು ಸರಿಯಾದ ಹೊತ್ತಿಗೆ ಬಂದೆ ಎಂದು ಆಮ್ರಪಾಲಿ ದಿನವೂ ಹಿಗ್ಗುತ್ತಿದ್ದಳು.

“ಬಾಯಾರ, ಒಂದೀಟ ಬಾಗಿಲದಾಗ ನಿಂತ್ ನೋಡ್ತೀರೇನ್ರಿ?” ಲಖನ ಕೇಳಿದ. “ಸಾಲಿ ಬಿಟ್ಟಿರಬೇಕು.”

ಅವಳು ಎದ್ದು ಹೊಸ್ತಿಲಿಗೆ ಬಂದಳು. ಸಾಲೆ ಬಿಟ್ಟೇ ಇತ್ತು. ಮಕ್ಕಳು ಗುಂಪುಗುಂಪಾಗಿ, ಒಬ್ಬರ ಚೀಲ ಒಬ್ಬರು ಜಗ್ಗುತ್ತ, ಮನೆಯ ಮುಂದೆ ಹಾದುಹೋದರು. ಹಿಂದೆ ಉಳಿದ ಹುಡುಗಿಯೊಬ್ಬಳು ಕಿತ್ತ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕುಂಟುತ್ತ ಬಂದು, ಅವಳನ್ನು ಒಮ್ಮೆ ನೋಡಿ ಮುಂದೆ ಹೋದಳು. ಆಮೇಲೆ ರಸ್ತೆಯಲ್ಲಿ ಯಾರೂ ಇರಲಿಲ್ಲ.

“ಬಂದ್ಲೇನ್ರಿ?” ಒಳಗಿನಿಂದ ಕೇಳಿದ.

“ಇನ್ನಾ ಇಲ್ರಿ,” ಎಂದಳು ಆಮ್ರಪಾಲಿ. ಹೊಸ್ತಿಲು ಬಿಟ್ಟು ಕದಲದೆ, ಸಾಲೆಯ ದಾರಿಯನ್ನೇ ನೋಡುತ್ತ ನಿಂತಳು.