ಮಗಳ ಮದುವೆಗೊಂದು ಹಾಲ್

ಸಾಂಬಾರಿನ ಕೊಪ್ಪರಿಗೆಯನ್ನು ಹೊರಗೆ ನಿಂತು ತೊಳೆಯಲು ಬರುವುದಿಲ್ಲ. ಅಡ್ಡ ಮಲಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅರ್ಧ ಮೈ ಒಳಗೆ ತೂರಿಸಿಯೇ ಉಜ್ಜಬೇಕು. ಹಾಗೆ ಉಜ್ಜುತ್ತಲೇ ತಿಮ್ಮಿಯ ತಲೆಗೂದಲು ಬೆಳ್ಳಗಾಯಿತು. ಭಟ್ಕಳದ ಹೆದ್ದಾರಿ ಬದಿಯ ಆ ಕಲ್ಯಾಣ ಮಂಟಪದಲ್ಲಿ ಎಷ್ಟು ಮದುವೆ ಆಯಿತೋ, ಒಂದರಲ್ಲೂ ಮದುಮಗಳ ಮುಖ ಅವಳು ನೋಡಿದವಳಲ್ಲ. ಹಿತ್ತಿಲ ನಲ್ಲಿಯ ಹತ್ತಿರ ಕೂತವಳಿಗೆ ಮೊದಲು ಓಲಗ ಕೇಳುತ್ತಿತ್ತು, ಆಮೇಲೆ ಎಂಜಲು ತಟ್ಟೆ ಬರುತ್ತಿತ್ತು. ಸೋಪಿನ ಪುಡಿಗೆ ಬೆರಳ ಸಂದು ಬಿರಿದು, ಮನೆಯಲ್ಲಿ ಗಂಜಿಗೆ ಉಪ್ಪಿನಕಾಯಿ ಮುಟ್ಟಿದರೂ ಉರಿ.

ಆದರೂ ಆ ಹಾಲ್ ಮೇಲೆ ತನಗೊಂದು ಹಕ್ಕಿದೆ ಎಂದು ತಿಮ್ಮಿ ತಿಳಿದಿದ್ದಳು. ಮಗಳು ಪ್ರಣಿತಾ ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಒಮ್ಮೆ ಧೈರ್ಯ ಮಾಡಿ, ಕೂಲಿ ಸ್ವಲ್ಪ ಹೆಚ್ಚು ಮಾಡಿ ಎಂದು ಮಂಟಪದ ಮಾಲಕ ದಿವಾಕರನ ಎದುರು ನಿಂತಿದ್ದಳು. ದಿವಾಕರ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಾಗುತ್ತಿತ್ತು. ಅವಳನ್ನು ಆಫೀಸಿನ ಮೂಲೆಗೆ ಕರೆದು, ದನಿ ತಗ್ಗಿಸಿ ಹೇಳಿದ:

"ತಿಮ್ಮಿ, ಹತ್ತು ಇಪ್ಪತ್ತು ರೂಪಾಯಿ ಹೆಚ್ಚಿಗೆ ತಕಂಡು ಎಂತ ಮಾಡ್ತೆ? ನಿನ್ನ ಮಗಳ ಮದ್ವೆ ಇದೇ ಹಾಲಲ್ಲಿ ಆಗ್ತದೆ. ಬಾಡಿಗೆ ಬೇಡ, ಪಾತ್ರೆಗೆ ದುಡ್ಡು ಬೇಡ. ನನ್ನ ಮಾತು. ಆದ್ರೆ ಇದು ನಿಂಗೊಬ್ಬಳಿಗೇ. ಉಳಿದವ್ರಿಗೆ ಹೇಳ್ಬೇಡ, ಹೊಟ್ಟೆಕಿಚ್ಚು ಪಡ್ತ್ರು."

ತಿಮ್ಮಿ ಹೇಳಲಿಲ್ಲ. ಗಂಡ ದೇವುವನ್ನು ಬಿಟ್ಟರೆ ಒಂದು ನರಪಿಳ್ಳೆಗೂ ಹೇಳಲಿಲ್ಲ. ಕೂಲಿ ಸಾಲದು ಎಂಬ ಮಾತು ನಲ್ಲಿಯ ಹತ್ತಿರ ಜೊತೆಗೆ ತೊಳೆಯುವ ಹೆಂಗಸರ ನಡುವೆ ಆಗಾಗ ಏಳುತ್ತಿತ್ತು. ಒಟ್ಟಿಗೆ ಹೋಗಿ ಕೇಳಬೇಕು ಎನ್ನುವಲ್ಲಿಗೆ ಬಂದ ಕೂಡಲೇ ತಿಮ್ಮಿ ಕೊಪ್ಪರಿಗೆಯೊಳಗೆ ತಲೆ ಹಾಕಿಬಿಡುತ್ತಿದ್ದಳು. ಉಳಿದವರೂ ಅಷ್ಟಕ್ಕೇ ಮಾತು ಬಿಟ್ಟು ಪಾತ್ರೆಗೆ ಬಗ್ಗುತ್ತಿದ್ದರು. ಅವರು ಯಾಕೆ ಸುಮ್ಮನಾಗುತ್ತಾರೆ ಎಂದು ಅವಳು ಯೋಚಿಸಲಿಲ್ಲ.

ಈ ವರ್ಷ ಪ್ರಣಿತಾಗೆ ಹೊನ್ನಾವರದ ಕಡೆಯ ಗಂಡು ಗೊತ್ತಾಯಿತು. ಹುಡುಗ ಪ್ರಕಾಶ ರಿಕ್ಷಾ ಓಡಿಸುವವನು, ಮಾತು ಕಡಿಮೆ. ಮುಟ್ಟಳ್ಳಿಯಲ್ಲಿ ತಿಮ್ಮಿಯ ಜಗುಲಿಯ ಮೇಲೆ ಮದುವೆಯ ಮಾತು ನಡೆಯಿತು. ದೇವು ಗದ್ದೆ ಕೂಲಿಯವನು. ಬಂಗಾರ ಅಂದರೆ ಕರಿಮಣಿಯಷ್ಟೇ, ಸೀರೆ ಇಷ್ಟೇ, ಅಡುಗೆ ಕೇರಿಯವರದೇ ಎಂದು ಎಲ್ಲವನ್ನೂ ಬಿಗಿ ಹಿಡಿದೇ ಮಾತಾಡಿದ. ಗಂಡಿನ ತಾಯಿ ಲಕ್ಷ್ಮೀಯ ಮುಖ ಸಣ್ಣದಾಗುತ್ತ ಹೋಯಿತು.

"ಆತು. ಮದ್ವೆ ಎಲ್ಲಿ?" ಎಂದಳು ಕೊನೆಗೆ.

"ಹಾಲಲ್ಲಿ," ಎಂದಳು ತಿಮ್ಮಿ. "ಭಟ್ಕಳದ ದೊಡ್ಡ ಹಾಲಲ್ಲಿ."

ಲಕ್ಷ್ಮೀಯ ಮುಖ ಅರಳಿತು. ಚಾದ ಲೋಟ ಕೈಗೆತ್ತಿಕೊಂಡಳು. ತಾನೂ ನಾಲ್ಕು ಜನರ ನಡುವೆ ಒಬ್ಬಳು ಎಂದು ತಿಮ್ಮಿಗೆ ಅವತ್ತು ಅನ್ನಿಸಿತು.

ವೈಶಾಖದಲ್ಲಿ ಒಂದು ರವಿವಾರ ಮುಹೂರ್ತ ಸಿಕ್ಕಿತು. ತಿಮ್ಮಿ ಅವತ್ತೇ ಹೋಗಿ ದಿವಾಕರನಿಗೆ ಹೇಳಿದಳು. ಅವನು ಫೋನಿನಲ್ಲಿ ಮಾತಾಡುತ್ತಲೇ "ಆತು ಆತು" ಎಂದ. ಮದುವೆ ಹತ್ತಿರ ಬಂದಾಗ, ಸಾಮಾನು ಯಾವಾಗ ತರಬೇಕು ಎಂದು ಕೇಳಲು ಹೋದಳು.

"ಅದೇ ದಿನವಾ? ಅವತ್ತು ಕಂಟ್ರಾಕ್ಟರ್ ಮಗಳ ಮದ್ವೆ ಅದೆಯಲ್ಲೆ," ಎಂದ ದಿವಾಕರ.

"ನೀವು ಆತು ಅಂದಿದ್ರಿ ಒಡೆಯಾ."

"ಈಗ್ಲೂ ಇಲ್ಲ ಅಂದ್ನ? ಬೆಳಗಾಮುಂಚೆ ಬಂದು ತಾಳಿ ಕಟ್ಟಿಸ್ಕಣಿ. ಏಳಕ್ಕೆ ಹಾಲ್ ಖಾಲಿ ಮಾಡಿ. ನಿಮ್ಮ ಜನದ ಊಟ ಹಿತ್ಲಲ್ಲಿ, ನಲ್ಲಿ ಹತ್ರ ಆಗ್ಲಿ. ಹ್ಯಾಂಗೂ ನೀನು ಅಲ್ಲೇ ಇರ್ತೆ. ಉಂಡು ಕೈ ತೊಳ್ಕಂಡು ಹಂಗೇ ಪಾತ್ರೆಗೆ ಕೂತ್ರೆ ಆತು."

"ಅವತ್ತು ನಾನು ಮದುಮಗಳ ತಾಯಿ ಒಡೆಯಾ."

"ಹೌದಲ್ಲ. ಅದ್ಕೇ ಆ ದಿನದ ಕೂಲೀನೂ ಕೊಡ್ತೆ."

ಅವನಿಗೆ ಅದರಲ್ಲಿ ಒಂದು ಚೂರೂ ತಪ್ಪು ಕಾಣಲಿಲ್ಲ. ಉಪಕಾರ ಮಾಡಿದವನ ಹಾಗೆ ಕುರ್ಚಿಗೆ ಒರಗಿದ. ತಿಮ್ಮಿ ಮನೆಗೆ ಹೋಗಿ ಮಗಳಿಗೆ ಹೇಳಿದಳು. ಇಷ್ಟು ವರ್ಷ ಉಜ್ಜಿದ್ದೆಲ್ಲ ಇದಕ್ಕೇನಾ ಎಂದಳು.

ಪ್ರಣಿತಾ ಅಳಲಿಲ್ಲ. "ನೀನು ತೊಳೂಕೆ ಕೂತ್ರೆ ನಾ ತಾಳಿ ಕಟ್ಟಿಸ್ಕಣೂದಿಲ್ಲ ಅಮ್ಮ," ಎಂದಳು.

ಮರುದಿನ ತಿಮ್ಮಿ ಕುಂಕುಮದ ಭರಣಿ ಹಿಡಿದೇ ಕೆಲಸಕ್ಕೆ ಹೋದಳು. ಬಾಯಿಮಾತಿನ ಕರೆ ಅವರಲ್ಲಿ ಕರೆಯಲ್ಲ. ಹಣೆಗೆ ಕುಂಕುಮ ಹಚ್ಚಿಯೇ ಕರೆಯಬೇಕು. ನಲ್ಲಿಯ ಹತ್ತಿರ ಕೂತಿದ್ದ ಗಂಗಿಗೆ ಕುಂಕುಮ ಹಚ್ಚಿ, "ನಮ್ಮನೆ ಅಂಗಳದಲ್ಲೇ ಮದ್ವೆ" ಎನ್ನುವಾಗ ಅಳು ಒತ್ತರಿಸಿ ಬಂತು. ಮುಚ್ಚಿಟ್ಟದ್ದೆಲ್ಲ ಹೊರಗೆ ಬಂತು. ಮೂಲೆಗೆ ಕರೆದದ್ದು, ಹಾಲ್ ಕೊಡುತ್ತೇನೆ ಎಂದದ್ದು, ಯಾರಿಗೂ ಹೇಳಬೇಡ ಎಂದದ್ದು.

ಗಂಗಿಯ ಕೈಯಲ್ಲಿದ್ದ ನಾರು ನಿಂತಿತು.

"ನಂಗೂ ಅಂದಿದ್ರು," ಎಂದಳು ನಿಧಾನಕ್ಕೆ. "ನನ್ನ ಮಗ್ನ ಮದ್ವೆಗೆ. ಅದೇ ಮೂಲೆಗೆ ಕರ್ದು. ನಿಂಗೆ ಹೇಳ್ಬೇಡ ಅಂತ ನಿನ್ನ ಹೆಸರು ತೆಗ್ದೇ ಅಂದಿದ್ರು."

ಎಲ್ಲರಿಗಿಂತ ಚಿಕ್ಕವಳು ರೋಹಿಣಿ. ತಟ್ಟೆಯ ರಾಶಿಯ ಹಿಂದಿನಿಂದ ಅವಳು ನಕ್ಕಳು. ಒಳ್ಳೆಯ ನಗುವಲ್ಲ ಅದು.

"ನನ್ನ ಹುಡ್ಗಿ ಇನ್ನೂ ಅಂಗನವಾಡಿಗೆ ಹೋಗ್ತದೆ ತಿಮ್ಮಕ್ಕ. ಅದ್ಕೂ ಹಾಲ್ ಕೊಟ್ಟಾಗದೆ."

ಉಳಿದವರೂ ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಅಲ್ಲಿ ಕೂತಿದ್ದ ಒಬ್ಬಳಿಗೂ ಆ ಮಾತು ತಪ್ಪಿರಲಿಲ್ಲ. ಒಂದೇ ಹಾಲನ್ನು ಅಷ್ಟೂ ಜನಕ್ಕೆ ಹಂಚಿ, ಅಷ್ಟೂ ಜನರ ಬಾಯಿ ಮುಚ್ಚಿಸಿ, ಪುಣ್ಯಾತ್ಮ ಹಳೆಯ ಕೂಲಿಯಲ್ಲೇ ಕೆಲಸ ತೆಗೆದಿದ್ದ. ಪಕ್ಕದಲ್ಲಿ ಕೂತವಳಿಗೆ ಹೊಟ್ಟೆಕಿಚ್ಚು ಎಂದು ನಂಬಿ ತಾವು ಪಕ್ಕದಲ್ಲೇ ಕೂತು ಬಾಳಿದ್ದೆವಲ್ಲ ಎಂದು ತಿಮ್ಮಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಭರಣಿ ಹಿಡಿದು ಎಲ್ಲರ ಹಣೆಗೂ ಕುಂಕುಮ ಹಚ್ಚಿದಳು.

"ಎಲ್ಲಾರೂ ಬರೂದೇ," ಎಂದಳು.

"ಅವತ್ತು ಇಲ್ಲಿ ತೊಳಿಯೂದು ಯಾರು?" ಎಂದಳು ಗಂಗಿ.

"ಅದು ಅವ್ರ ತಲೆಬಿಸಿ," ಎಂದಳು ರೋಹಿಣಿ.

ಹಾಲ್ ಇಲ್ಲ ಎಂದು ಹೊನ್ನಾವರಕ್ಕೆ ಫೋನ್ ಮಾಡುವಾಗ ಮಾತ್ರ ತಿಮ್ಮಿಗೆ ಮದುವೆಯೇ ಮುರಿದರೆ ಎಂಬ ಹೆದರಿಕೆ. ಲಕ್ಷ್ಮೀ ಕೂಗಾಡಿದಳು. "ನಮ್ಮ ಜನಕ್ಕೆಲ್ಲ ಹಾಲ್ ಅಂದಾಗದೆ, ನಮ್ಮ ಮರ್ಯಾದೆ ಎಂತ ಆಗ್ಬೇಕು?" ಎಂದಳು. ತಿಮ್ಮಿ ಏನೂ ಮುಚ್ಚಿಡದೆ ನಡೆದದ್ದನ್ನೆಲ್ಲ ಹೇಳಿದಳು. ಆಚೆ ಫೋನು ಪ್ರಕಾಶನ ಕೈಗೆ ಹೋಯಿತು.

"ಅತ್ತೆ, ಹಾಲ್ ಬಿಟ್ಟಾಕಿ. ಎಂಜಲು ನೀರಿನ ಹತ್ರ ಕೂತು ಉಣ್ಣೂಕೆ ನಾವ್ಯಾರೂ ಬರೂದಿಲ್ಲ. ನಿಮ್ಮನೆಗೆ ಬರ್ತೇವೆ," ಎಂದ.

ಕೇರಿಯವರು ಬಂದು ಅಡಿಕೆ ಕಂಬ ನೆಟ್ಟು, ತೆಂಗಿನ ಮಡಲು ಹೆಣೆದು ಚಪ್ಪರ ಹಾಕಿದರು. ಮನೆಗೊಂದೆರಡರಂತೆ ಕುರ್ಚಿ ಬಂತು, ಒಂದರ ಬಣ್ಣ ಒಂದಕ್ಕಿರಲಿಲ್ಲ. ಧಾರೆ ಸಾಂಗವಾಗಿ ಮುಗಿಯಿತು. ಹತ್ತಿರದಲ್ಲೇ ನಿಂತಿದ್ದ ತಿಮ್ಮಿ ಮದುಮಗಳ ಮುಖವನ್ನು ಕಣ್ತುಂಬ ನೋಡಿದಳು. ಎರಡನೇ ಪಂಕ್ತಿ ಕೂತಾಗ ಅಂಗಳದಾಚೆ ಕಾರು ನಿಂತಿತು. ಇಳಿದು ಬಂದ ದಿವಾಕರ ಬೆವೆತು ನೀರಾಗಿದ್ದ.

"ಎಂತ ಮಾಡಿದ್ರಿ ನೀವೆಲ್ಲ? ಅಲ್ಲಿ ಎರಡನೇ ಪಂಕ್ತಿಗೆ ತಟ್ಟೆ ಇಲ್ಲ. ಕಂಟ್ರಾಕ್ಟರ್ ನನ್ನ ಮರ್ಯಾದೆ ತೆಗಿತಾ ಇದ್ದ. ನಾಲ್ಕು ಜನರಾದ್ರೂ ಕಾರು ಹತ್ತಿ."

ಬಡಿಸುವವರು ಬಡಿಸುತ್ತಲೇ ಇದ್ದರು.

"ಇವತ್ತು ಬರದಿದ್ದವ್ರು ನಾಳೆ ಬರೂದೇ ಬೇಡ."

ಅನ್ನ ಬಡಿಸುತ್ತಿದ್ದ ಗಂಗಿ ಅಲ್ಲಿಗೇ ನಿಲ್ಲಿಸಿ ತಿಮ್ಮಿಯ ಮುಖ ನೋಡಿದಳು. ತನ್ನ ಮಗಳ ಮದುವೆಗೆ ಬಂದದ್ದಕ್ಕೆ ಇವರೆಲ್ಲರ ಅನ್ನ ಹೋಗುತ್ತದಲ್ಲ ಎಂದು ತಿಮ್ಮಿಗೆ ಸಂಕಟವಾಯಿತು. ದಿವಾಕರ ಅದನ್ನು ಕಂಡಿರಬೇಕು. ಅವನ ದನಿ ಬದಲಾಯಿತು. ಅದೇ ಹಳೆಯ ಮೆತ್ತಗಿನ ದನಿ.

"ರೋಹಿಣಿ, ನೀ ಸ್ವಲ್ಪ ಈಚೆ ಬಾ. ನಿನ್ನ ಹತ್ರ ಒಂದು ಮಾತದೆ."

ರೋಹಿಣಿ ಪಾಯಸದ ಬಕೆಟ್ ಕೆಳಗಿಟ್ಟು ಅವನ ಕಡೆ ಹೆಜ್ಜೆ ಹಾಕಿದಳು. ಚಪ್ಪರದ ಕಂಬದ ಹತ್ತಿರ ಬಂದು ರೋಹಿಣಿ ನಿಂತುಬಿಟ್ಟಳು.

"ಇಲ್ಲೇ ಹೇಳಿ ಒಡೆಯಾ."

"ಎಲ್ಲರೆದುರಿಗೆ ಹೇಳೂದಲ್ಲ ಅದು."

ತಿಮ್ಮಿ ಹೋಗಿ ರೋಹಿಣಿಯ ಪಕ್ಕ ನಿಂತಳು. ಅನ್ನದ ಬುಟ್ಟಿ ಸೊಂಟದ ಮೇಲಿಟ್ಟುಕೊಂಡೇ ಗಂಗಿ ಬಂದಳು. ಉಳಿದವರೂ ಬಂದರು. ಉಣ್ಣುತ್ತಿದ್ದ ಪಂಕ್ತಿಯೆಲ್ಲ ಊಟ ನಿಲ್ಲಿಸಿ ಇತ್ತ ನೋಡತೊಡಗಿತು.

"ಎಲ್ಲರೆದುರಿಗೇ ಹೇಳಿ ಒಡೆಯಾ," ಎಂದಳು ತಿಮ್ಮಿ. "ನಮಗೆ ಕೊಟ್ಟ ಮಾತು ಒಂದ್ಸಲ ಎಲ್ಲಾರಿಗೂ ಕೇಳೂ ಹಂಗೆ ಹೇಳಿ."